ಅಗಸೆಯೋ, ಅಕ್ರೋಟೋ, ಬೂತಾಯಿಯೋ?

ದೇಹಕ್ಕೆ ಬೇಕಾದ ಕೊಬ್ಬಿನಂಶವಾದ ಒಮೆಗಾ-3ಗಾಗಿ ಅಗಸೆ ಬೀಜ, ಅಕ್ರೋಟು, ಬೂತಾಯಿ (ಸಾರ್ಡೀನ್) ಮೀನು ಈ ಮೂರರಲ್ಲಿ ಯಾವುದನ್ನು ಆರಿಸಲಿ ಎಂದು ಕೇಳಿದ್ದೀರಿ. ಪ್ರಮಾಣಕ್ಕಿಂತ ಮೊದಲು ಬಗೆಯನ್ನು ನೋಡಿ. ಬೂತಾಯಿಯಲ್ಲಿ ಇಪಿಎ, ಡಿಎಚ್‌ಎ ಎಂಬ ಒಮೆಗಾ-3 ಬಗೆಗಳು ಸಿದ್ಧವಾಗಿಯೇ ಇರುತ್ತವೆ. ದೇಹ ಅವನ್ನು ನೇರವಾಗಿ ಬಳಸಿಕೊಳ್ಳುತ್ತದೆ. ಅಗಸೆ, ಅಕ್ರೋಟುಗಳಲ್ಲಿರುವುದು ಎಎಲ್‌ಎ ಎಂಬ ಸಸ್ಯಮೂಲದ ಬಗೆ; ದೇಹದಲ್ಲಿ ಅದರ ಅಲ್ಪ ಭಾಗ ಮಾತ್ರ ಇಪಿಎ ಆಗಿ, ಇನ್ನೂ ಅಲ್ಪ ಭಾಗ ಡಿಎಚ್‌ಎ ಆಗಿ ಬದಲಾಗುತ್ತದೆ. ಹಾಗಾಗಿ ಮೀನು ತಿನ್ನುವವರಿಗೆ ವಾರಕ್ಕೆರಡು ಸಲ ಬೂತಾಯಿಯೇ ಒಳ್ಳೆಯದು. ಚಿಕ್ಕ ಮೀನಾದ್ದರಿಂದ ಪಾದರಸದ ಭಯವೂ ಕಡಿಮೆ.

ಸಸ್ಯಾಹಾರಿಗಳಿಗೆ, ಖರ್ಚು ಹಿಡಿತದಲ್ಲಿರಬೇಕೆನ್ನುವವರಿಗೆ ಅಗಸೆ. ಒಂದು ದೊಡ್ಡ ಚಮಚ ಪುಡಿಯಲ್ಲಿ ಸುಮಾರು 1.6 ಗ್ರಾಂ ಎಎಲ್‌ಎ ಇದೆ. ವಯಸ್ಕರಿಗೆ ಒಂದು ದಿನಕ್ಕೆ ಅಷ್ಟು ಸಾಕು. ಇಡಿಯಾಗಿ ನುಂಗಿದ ಬೀಜ ಬಹುಪಾಲು ಹಾಗೆಯೇ ಹೊರಗೆ ಹೋಗುತ್ತದೆ, ಆದ್ದರಿಂದ ಪುಡಿ ಮಾಡಲೇಬೇಕು. ಪುಡಿ ಬೇಗ ಕಮಟುತ್ತದೆ. ಸ್ವಲ್ಪ ಸ್ವಲ್ಪವೇ ಮಾಡಿ ಫ್ರಿಜ್‌ನಲ್ಲಿಡಿ. ಮೂಸಿದಾಗ ಎಣ್ಣೆಬಣ್ಣದ ವಾಸನೆ ಬಂದರೆ ದಯವಿಟ್ಟು ಎಸೆದುಬಿಡಿ.

ಅಕ್ರೋಟು ದುಬಾರಿ, ಕ್ಯಾಲೊರಿಯೂ ಹೆಚ್ಚು. ಆದರೆ ಪುಡಿ ಮಾಡುವ, ಬೇಯಿಸುವ ಗೋಜಿಲ್ಲ; ಒಂದು ಹಿಡಿಯಲ್ಲಿ ಸುಮಾರು 2.5 ಗ್ರಾಂ ಎಎಲ್‌ಎ ಸಿಗುತ್ತದೆ. ಸದಾ ಓಡಾಟದಲ್ಲಿರುವವರಿಗೆ ಇದು ಹೊಂದುತ್ತದೆ.

ಮೀನು ತಿನ್ನದ ಗರ್ಭಿಣಿಯರು ಬೀಜಗಳನ್ನಷ್ಟೇ ನೆಚ್ಚಿಕೊಳ್ಳದೆ, ಪಾಚಿಯಿಂದ ತೆಗೆದ ಡಿಎಚ್‌ಎ ಬೇಕೇ ಎಂದು ವೈದ್ಯರನ್ನು ಕೇಳಿ.