ಲೋ ಸೋಡಿಯಂ ಉಪ್ಪು: ತಗೊಳ್ಳಿ, ಆದ್ರೆ ಪ್ಯಾಕೆಟ್ ತಿರುಗಿಸಿ ಓದಿ ತಗೊಳ್ಳಿ

ಕೆಲವು ತಿಂಗಳಿಂದ ನಮ್ಮನೆ ಅಡುಗೆಗೆ ಲೋ ಸೋಡಿಯಂ ಉಪ್ಪೇ ಹಾಕ್ತಿದೀವಿ, ತುಂಬಾ ಜನ ಹೇಗಿದೆ ಹೇಗಿದೆ ಅಂತ ಕೇಳ್ತಿದ್ರು, ಅದಕ್ಕೆ ಒಂದೇ ಸಲ ಬರೆದುಬಿಡೋಣ ಅಂತ. ಅಪ್ಪ ಅಮ್ಮ ಇಬ್ರಿಗೂ ಬಿಪಿ ಇದೆ. ಡಾಕ್ಟ್ರು ಪ್ರತಿ ಸಲ ಹೋದಾಗ್ಲೂ ಉಪ್ಪು ಕಮ್ಮಿ ಮಾಡಿ ಅಂತಾರೆ, ಆದ್ರೆ ಅಮ್ಮ ಉಪ್ಪು ಹಾಕೋದು ಕೈ ಅಳತೇಲಿ, ಕಮ್ಮಿ ಹಾಕಿದ ದಿನ ಅಪ್ಪ ತಟ್ಟೆ ಮುಂದೆ ಕೂತು "ಸಾರು ಸಪ್ಪೆ" ಅಂದು ಮತ್ತೆ ಮೇಲೆ ಉದುರಿಸ್ಕೋತಾರೆ. ಉಪ್ಪಿಗಿಂತ ರುಚಿ ಇಲ್ಲ ಅಂತ ಗಾದೆ ಇರೋ ನಾಡಲ್ಲಿ ಇದು ಎಲ್ಲರ ಮನೆ ಕಥೆನೇ.

ಮೊದ್ಲು ಇದರೊಳಗೆ ಏನಿದೆ ಅಂತ ನೋಡೋಣ. ಮಾಮೂಲಿ ಉಪ್ಪು ಅಂದ್ರೆ ಸೋಡಿಯಂ ಕ್ಲೋರೈಡ್. ಈ ಉಪ್ಪಲ್ಲಿ ಅದರ ಒಂದು ಪಾಲು ತೆಗೆದು ಪೊಟ್ಯಾಸಿಯಂ ಕ್ಲೋರೈಡ್ ಸೇರಿಸಿರ್ತಾರೆ. ಲಾಭ ಎರಡು ಕಡೆಯಿಂದ, ಸೋಡಿಯಂ ಇಳಿದಷ್ಟೂ ಬಿಪಿ ಇಳಿಯುತ್ತೆ, ಪೊಟ್ಯಾಸಿಯಂ ಬೇರೆ ಮೈಯಲ್ಲಿರೋ ಸೋಡಿಯಂ ಮೂತ್ರದಲ್ಲಿ ಹೊರಗೆ ಹೋಗೋಕೆ ಸಹಾಯ ಮಾಡುತ್ತೆ. ನಾವು ತಿನ್ನೋ ಹಣ್ಣು ತರಕಾರಿ ಸಾಲದೇ ಇರೋದ್ರಿಂದ ಪೊಟ್ಯಾಸಿಯಂ ಹೇಗೂ ಕಮ್ಮೀನೇ ಬೀಳುತ್ತೆ.

ಇದೆಲ್ಲ ಬರೀ ಜಾಹೀರಾತಿನ ಮಾತು ಅಂತ ಅನುಮಾನ ಇರೋರು ಇದನ್ನ ಓದಲೇಬೇಕು. ಚೀನಾದಲ್ಲಿ 600 ಹಳ್ಳಿಗಳಲ್ಲಿ ಹತ್ತಿರ ಹತ್ತಿರ 21,000 ಜನರ ಮೇಲೆ ಒಂದು ದೊಡ್ಡ ಪ್ರಯೋಗ ಮಾಡಿದ್ರು, 2021ರಲ್ಲಿ ಫಲಿತಾಂಶ ಬಂತು. ಸೇರಿದ್ದೋರೆಲ್ಲ ಮೊದಲೇ ಸ್ಟ್ರೋಕ್ ಆಗಿದ್ದೋರು, ಇಲ್ಲಾ 60 ದಾಟಿ ಬಿಪಿ ಇದ್ದೋರು. ಅರ್ಧ ಹಳ್ಳಿಗಳಿಗೆ ಮಾಮೂಲಿ ಉಪ್ಪೇ, ಇನ್ನರ್ಧಕ್ಕೆ 75% ಸೋಡಿಯಂ ಕ್ಲೋರೈಡ್, 25% ಪೊಟ್ಯಾಸಿಯಂ ಕ್ಲೋರೈಡ್ ಇರೋ ಉಪ್ಪು. ಸುಮಾರು ಐದು ವರ್ಷ ನೋಡಿದ್ಮೇಲೆ ಆ ಉಪ್ಪು ತಿಂದ ಹಳ್ಳಿಗಳಲ್ಲಿ ಸ್ಟ್ರೋಕ್ 14% ಕಮ್ಮಿ, ಸಾವು 12% ಕಮ್ಮಿ. ಹೊಸ ಮಾತ್ರೆ ಇಲ್ಲ, ಪಥ್ಯ ಇಲ್ಲ, ಬರೀ ಉಪ್ಪಿನ ಡಬ್ಬಿ ಬದಲಾಯಿಸಿದ್ದಕ್ಕೆ ಇಷ್ಟು! ನಂಗಂತೂ ಇದನ್ನ ಓದಿದ ಮೇಲೆ ಸುಮ್ನೆ ಕೂರೋಕಾಗ್ಲಿಲ್ಲ.

ಅದು ಚೀನಾದೋರ ಊಟ, ನಮ್ಮದಕ್ಕೆ ಸರಿಹೋಗುತ್ತಾ ಅಂದ್ರೆ, ಪಕ್ಕದ ತೆಲಂಗಾಣದ ಸಿದ್ದಿಪೇಟೆ ಹಳ್ಳಿಗಳಲ್ಲೂ ಬಿಪಿ ಇರೋ 502 ಜನಕ್ಕೆ ಇಂಥದ್ದೇ ಉಪ್ಪು ಕೊಟ್ಟು ನೋಡಿದಾರೆ, ಅಲ್ಲಿ ಪೊಟ್ಯಾಸಿಯಂ ಕ್ಲೋರೈಡ್ 30%. ಮೂರು ತಿಂಗಳಲ್ಲಿ ಮಾಮೂಲಿ ಉಪ್ಪಿನೋರಿಗೆ ಹೋಲಿಸಿದ್ರೆ ಮೇಲಿನ ಬಿಪಿ ಸರಾಸರಿ 4.6 ಪಾಯಿಂಟ್ ಇಳಿದಿತ್ತು. ಅನ್ನ, ಪಪ್ಪು, ಪುಳುಸು ತಿನ್ನೋ ಜನ, ನಮ್ಮ ಅಡುಗೆಗೆ ಇದಕ್ಕಿಂತ ಹತ್ತಿರ ಯಾವ್ದಿದೆ ಹೇಳಿ. ಇನ್ನೊಂದು ವಿಷ್ಯ, ಹೊರದೇಶದೋರಿಗೆ ಉಪ್ಪು ಹೆಚ್ಚಾಗಿ ಪ್ಯಾಕೆಟ್ ತಿಂಡಿ, ಬ್ರೆಡ್ಡಿಂದ ಹೋಗುತ್ತೆ, ನಮಗೆ ಬಹುಪಾಲು ಹೋಗೋದು ಮನೆ ಒಲೆ ಮೇಲಿರೋ ಪಾತ್ರೆಯಿಂದ. ಹಾಗಾಗಿ ಡಬ್ಬಿ ಬದಲಾಯಿಸಿದ್ರೆ ಲಾಭ ನಮಗೇ ಜಾಸ್ತಿ.

ಈಗ ರುಚಿ. ಸಾರು, ಹುಳಿ, ಪಲ್ಯ, ಉಪ್ಪಿಟ್ಟು, ಇವುಗಳಲ್ಲಿ ವ್ಯತ್ಯಾಸ ಗೊತ್ತೇ ಆಗಲ್ಲ, ಹುಣಸೆಹುಳಿ ಖಾರ ಎಲ್ಲ ಮುಚ್ಚಿಹಾಕುತ್ತೆ. ಅಪ್ಪಂಗೆ ಹೇಳದೇ ಬದಲಾಯಿಸಿದ್ವಿ, ಬೇಳೆ ಸಾರಿಗೆ ಏನೂ ಅನ್ನದೇ ಎರಡು ಸಲ ಬಡಿಸ್ಕೊಂಡು ತಿಂದ್ರು. ಗೊತ್ತಾಗಿದ್ದು ಮಜ್ಜಿಗೇಲಿ. ನೀರು ಮಜ್ಜಿಗೆ ಕುಡಿದು "ಇದೇನು ಕೊನೇಲಿ ಒಂಥರ ಕಹಿ ಬರ್ತಿದೆ?" ಅಂದ್ರು. ನಿಜ, ಪೊಟ್ಯಾಸಿಯಂದು ಒಂದು ಸಣ್ಣ ಕಹಿ ಇದೆ, ಮೊಸರನ್ನ, ಮಜ್ಜಿಗೆ, ಸೌತೆಕಾಯಿ ಹೋಳಿನ ಮೇಲೆ ಉದುರಿಸಿದ್ರೆ ನಾಲಿಗೆ ಹಿಂದೆ ನಿಲ್ಲುತ್ತೆ. ನಾವು ಮಜ್ಜಿಗೆಗೆ ಶುಂಠಿ ಕರಿಬೇವು ಜಜ್ಜಿ ಚಿಟಿಕೆ ಇಂಗು ಹಾಕೋಕೆ ಶುರು ಮಾಡಿದ್ವಿ, ಈಗ ಯಾರೂ ದೂರಲ್ಲ. ಉಪ್ಪಿನಕಾಯಿಗೆ ಮಾತ್ರ ಅಮ್ಮ ಕಲ್ಲುಪ್ಪೇ ಬೇಕು ಅಂದ್ರು, ನಾನೂ ವಾದ ಮಾಡ್ಲಿಲ್ಲ, ಅದನ್ನ ಬಡಿಸೋದು ಕಮ್ಮಿ ಮಾಡಿದ್ವಿ ಅಷ್ಟೆ.

ಬೆಲೆ ಮಾಮೂಲಿ ಉಪ್ಪಿಗಿಂತ ಜಾಸ್ತಿ, ನಮ್ಮ ಕಡೆ ಹೆಚ್ಚುಕಮ್ಮಿ ಎರಡು ಪಟ್ಟು ಬೀಳುತ್ತೆ. ಆದ್ರೆ ಒಂದು ಮನೆಗೆ ತಿಂಗಳಿಗೆ ಎಷ್ಟು ಉಪ್ಪು ಬೇಕು ಹೇಳಿ, ಒಂದು ಸಲ ಹೋಟೆಲಲ್ಲಿ ಕಾಫಿ ಕುಡಿದಷ್ಟು ಖರ್ಚು.

ನಂಗೆ ಬೇಜಾರಿರೋದು ಲೇಬಲ್ ವಿಷಯದಲ್ಲಿ. "ಲೋ ಸೋಡಿಯಂ" ಅಂತ ಮುಂದೆ ದಪ್ಪಕ್ಕೆ ಬರೆದಿರೋದೆಲ್ಲ ಒಂದೇ ಅಲ್ಲ. ಕೆಲವದ್ರಲ್ಲಿ ಸೋಡಿಯಂ 15% ಮಾತ್ರ ಕಮ್ಮಿ, ಕೆಲವದ್ರಲ್ಲಿ 30%. ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಸರ್ವೆ ಪ್ರಕಾರ ನಮ್ಮ ದೇಶದಲ್ಲಿ ಒಬ್ಬರು ದಿನಕ್ಕೆ ಸುಮಾರು 8 ಗ್ರಾಂ ಉಪ್ಪು ತಿಂತಾರೆ, ವಿಶ್ವ ಆರೋಗ್ಯ ಸಂಸ್ಥೆ ಹೇಳೋದು 5 ಗ್ರಾಂ ಒಳಗಿರ್ಲಿ ಅಂತ. 15% ಕಮ್ಮಿ ಇರೋದು ಹಾಕಿದ್ರೆ 8 ಗ್ರಾಂ ತಿಂದೋರಿಗೆ 6.8 ಗ್ರಾಂ ತಿಂದಷ್ಟು ಸೋಡಿಯಂ ಹೋಗುತ್ತೆ, 30%ದಾದ್ರೆ 5.6. ಎಷ್ಟು ಫರಕು ನೋಡಿ! ಹಿಂದುಗಡೆ 100 ಗ್ರಾಂಗೆ ಸೋಡಿಯಂ ಎಷ್ಟು ಅಂತ ಇರುತ್ತೆ, ಮಾಮೂಲಿ ಉಪ್ಪಲ್ಲಿ ಅದು 38-39 ಗ್ರಾಂ ಹತ್ರ ಇರುತ್ತೆ, ನೀವು ತಗೊಳ್ಳೋದು 30ರ ಒಳಗಿದ್ರೆ ಒಳ್ಳೇದು. ಅಯೋಡಿನ್ ಇದೆಯಾ ಅಂತಾನೂ ನೋಡಿ. ಅಂಗಡಿಯೋರು "ಬಿಪಿಗಾದ್ರೆ ಸೈಂಧವ ಲವಣ ತಗೊಳ್ಳಮ್ಮ" ಅಂದ್ರು, ಆದ್ರೆ ಸೈಂಧವ ಆಗ್ಲಿ ಪಿಂಕ್ ಸಾಲ್ಟ್ ಆಗ್ಲಿ ಹೆಚ್ಚುಕಮ್ಮಿ ಪೂರ್ತಿ ಸೋಡಿಯಂ ಕ್ಲೋರೈಡೇ, ಬಿಪಿಗೆ ಅದರಿಂದ ಏನೂ ಉಪಯೋಗ ಇಲ್ಲ.

ಈಗ ಎಲ್ಲಕ್ಕಿಂತ ಮುಖ್ಯವಾದ ಮಾತು. ಕಿಡ್ನಿ ತೊಂದರೆ ಇರೋರು ಇದನ್ನ ಮುಟ್ಟಬಾರದು. ಕಿಡ್ನಿ ಸರಿಯಾಗಿ ಕೆಲಸ ಮಾಡದಿದ್ರೆ ಪೊಟ್ಯಾಸಿಯಂ ಹೊರಗೆ ಹೋಗಲ್ಲ, ರಕ್ತದಲ್ಲಿ ಏರಿ ಹೃದಯದ ಬಡಿತಾನೇ ಕೆಡಿಸುತ್ತೆ. ಚೀನಾ ಪ್ರಯೋಗದಲ್ಲೂ ಗಂಭೀರ ಕಿಡ್ನಿ ಕಾಯಿಲೆ ಇದ್ದೋರನ್ನ ಸೇರಿಸ್ಕೊಂಡಿರ್ಲಿಲ್ಲ. 2025ರ ಜನವರೀಲಿ ವಿಶ್ವ ಆರೋಗ್ಯ ಸಂಸ್ಥೆ ಮನೆ ಅಡುಗೆಗೆ ಇಂಥ ಉಪ್ಪು ಬಳಸಬಹುದು ಅಂತ ಸಲಹೆ ಕೊಟ್ಟಾಗ ಕಿಡ್ನಿ ಸಮಸ್ಯೆ ಇರೋರು, ಗರ್ಭಿಣಿಯರು, ಮಕ್ಕಳನ್ನ ಹೊರಗಿಟ್ಟೇ ಹೇಳಿದ್ದು. ಬಿಪಿ ಮಾತ್ರೆಗಳಲ್ಲೇ ಟೆಲ್ಮಿಸಾರ್ಟಾನ್, ಲೋಸಾರ್ಟಾನ್, ರಾಮಿಪ್ರಿಲ್ ಥರದವು ಪೊಟ್ಯಾಸಿಯಂ ಏರಿಸಬಲ್ಲವು, ಸ್ಪೈರೊನೊಲ್ಯಾಕ್ಟೋನ್ ಅಂತೂ ಇನ್ನೂ ಜಾಸ್ತಿ. ಅಪ್ಪ ಟೆಲ್ಮಿಸಾರ್ಟಾನ್ ತಗೊಳ್ತಾರೆ, ಅದಕ್ಕೆ ಉಪ್ಪು ಬದಲಾಯಿಸೋ ಮೊದ್ಲೇ ಡಾಕ್ಟ್ರನ್ನ ಕೇಳಿ ಕ್ರಿಯಾಟಿನಿನ್ (ಕಿಡ್ನಿ ಹೇಗೆ ಕೆಲಸ ಮಾಡ್ತಿದೆ ಅಂತ ತೋರಿಸೋ ರಕ್ತ ಪರೀಕ್ಷೆ), ಪೊಟ್ಯಾಸಿಯಂ ಎರಡೂ ಟೆಸ್ಟ್ ಮಾಡಿಸಿದ್ವಿ, ಅವರು ಸರಿ ಅಂದ್ಮೇಲೇ ಶುರು ಮಾಡಿದ್ದು. ಮಾತ್ರೆ ಮಾತ್ರ ನಿಲ್ಸಿಲ್ಲ, ನೀವೂ ನಿಲ್ಸಬೇಡಿ. ಈ ಎಚ್ಚರಿಕೆನ ಪ್ಯಾಕೆಟ್ ಮುಂದೆ ದೊಡ್ಡ ಅಕ್ಷರದಲ್ಲಿ, ಕನ್ನಡದಲ್ಲೂ ಹಾಕಬೇಕು ಅಂತ ನನ್ನ ಒತ್ತಾಯ, ನಾನು ತಂದ ಪ್ಯಾಕೆಟ್ಟಲ್ಲಿ ಅದು ಹಿಂದೆ ಇಂಗ್ಲಿಷಲ್ಲಿ ಇರುವೆ ಸಾಲಿನಷ್ಟು ಸಣ್ಣದಾಗಿತ್ತು, ಅಮ್ಮ ಕನ್ನಡಕ ಹಾಕಿದ್ರೂ ಓದೋಕಾಗ್ಲಿಲ್ಲ.

ಐದಕ್ಕೆ ನಾಲ್ಕು ಸ್ಟಾರ್, ಲೇಬಲ್ಲಿಗೋಸ್ಕರ ಒಂದು ಕಟ್. ಹಬ್ಬಕ್ಕೆ ಚಿಕ್ಕಪ್ಪ ಮನೆಗೆ ಬರ್ತಾರೆ, ಅವರಿಗೆ ಡಯಾಲಿಸಿಸ್ ನಡೀತಿದೆ, ಹಾಗಾಗಿ ಡಬ್ಬಿ ಎರಡು ಇಟ್ಟಿದೀವಿ, ಈ ಉಪ್ಪಿನ ಮುಚ್ಚಳಕ್ಕೆ ಕೆಂಪು ಟೇಪ್ ಅಂಟಿಸಿದೀವಿ. ನಿಮ್ಮನೇಲೂ ಅಂಥೋರು ಊಟಕ್ಕೆ ಬರೋದಿದ್ರೆ ಅಡುಗೆ ಮಾಡೋರಿಗೆಲ್ಲ ಮೊದ್ಲೇ ಹೇಳಿಡಿ.