ಹಗುರ ಕೋವಿ ಕೊಳ್ಳುವ ಮೊದಲು ನಳಿಗೆ ಅಳೆಸಿ

ಇಂಗ್ಲೆಂಡಿನಲ್ಲಿ ಇದ್ದುಕೊಂಡು ಸೆಕೆಂಡ್ ಹ್ಯಾಂಡ್ ಶಾಟ್‌ಗನ್ ಹುಡುಕುತ್ತಿರುವ ನಮ್ಮವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಹಗುರವಾಗಿದೆ, ಅಗ್ಗವಾಗಿದೆ, ನೋಡೋಕೆ ಚೆನ್ನಾಗಿದೆ, ಈ ಮೂರೂ ಒಂದೇ ಕೋವಿಯಲ್ಲಿ ಸಿಕ್ಕಿದರೆ ದುಡ್ಡು ಕೊಡುವ ಮೊದಲು ನಳಿಗೆ ಅಳೆಸಿ. ನನಗೆ ಮಾರಿದ ಕೋವಿಯ ನಳಿಗೆ ಒಂದು ಕಡೆ ಅರ್ಧ ಮಿಲಿಮೀಟರ್ ದಪ್ಪವೂ ಇರಲಿಲ್ಲ. ಅದರಲ್ಲಿ ಬೇಸಿಗೆ ಪೂರ್ತಿ ಈಡು ಹೊಡೆದಿದ್ದೇವೆ.

ನನ್ನೂರು ಕೊಡಗು. ಕೈಲ್ ಮುಹೂರ್ತದ ದಿನ ಕೋವಿಗೆ ಹೂ ಮುಡಿಸಿ ಪೂಜೆ ಮಾಡುವ ಮನೆಗಳ ನಡುವೆ ಬೆಳೆದವನು. ಇಲ್ಲಿ ಪೊಲೀಸರಿಂದ ಶಾಟ್‌ಗನ್ ಸರ್ಟಿಫಿಕೇಟ್ ಪಡೆದ ಮೇಲೆ ಒಂದೇ ಕೋವಿಯಲ್ಲಿ ಎರಡು ಕೆಲಸ ಆಗಬೇಕು ಅಂತ ಆಸೆ ಇತ್ತು. ಭಾನುವಾರ ಮಣ್ಣಿನ ಬಿಲ್ಲೆ ಹಾರಿಸುವ ಕ್ಲೇ ಮೈದಾನಕ್ಕೂ ಆಗಬೇಕು. ಚಳಿಗಾಲದಲ್ಲಿ ನಾಯಿ ಜೊತೆ ಬೇಲಿ ಬದಿ, ಕುರುಚಲು ಸುತ್ತಿ ಮೊಲ, ಪಾರಿವಾಳ, ಫೆಸೆಂಟ್ ಹುಡುಕುವ ರಫ್ ಶೂಟಿಂಗಿಗೂ ಆಗಬೇಕು. ಕೆಸರು ಹೊಲದಲ್ಲಿ ಅರ್ಧ ದಿನ ನಡೆಯುವಾಗ ಮೂರೂವರೆ ಕೆಜಿಯ ಕ್ಲೇ ಕೋವಿ ಹೊತ್ತರೆ ತೋಳು ಸೋಲುತ್ತದೆ. ಹಾಗಾಗಿ ಹಗುರದ್ದೇ ಬೇಕಿತ್ತು.

ಪರಿಚಯದವರ ಪರಿಚಯದವರೊಬ್ಬರು ಒಂದು ಜೋಡಿ ನಳಿಗೆ ಕೋವಿ ಮಾರುತ್ತಿದ್ದರು. ಬರ್ಮಿಂಗ್‌ಹ್ಯಾಮಿನಲ್ಲಿ ಮಾಡಿದ ಹಳೆಯ ಬಾಕ್ಸ್‌ಲಾಕ್ (ಸಿಡಿಸುವ ಯಂತ್ರ ಬಾಡಿಯ ಒಳಗೇ ಇರುವ ಬಗೆ), 12 ಬೋರ್ (ಬೋರ್ ಅಂದರೆ ನಳಿಗೆಯ ಅಗಲದ ಅಳತೆ, ಸಂಖ್ಯೆ ದೊಡ್ಡದಾದಷ್ಟು ನಳಿಗೆ ಸಣ್ಣ), 28 ಇಂಚಿನ ನಳಿಗೆ. ತೂಕ ಸುಮಾರು 6 ಪೌಂಡ್, ಅಂದರೆ 2.7 ಕೆಜಿ. ಬೆಲೆ 300 ಪೌಂಡ್. ಕೈಯಲ್ಲಿ ಎತ್ತಿದರೆ ತಾನಾಗಿ ಹೆಗಲಿಗೆ ಬರುತ್ತಿತ್ತು. ನಳಿಗೆಯೊಳಗೆ ಕಣ್ಣಿಟ್ಟು ಆಕಾಶದ ಕಡೆ ನೋಡಿದರೆ ಕನ್ನಡಿ ಹಾಗೆ ಹೊಳೆಯುತ್ತಿತ್ತು, ಒಂದು ತುಕ್ಕಿನ ಚುಕ್ಕಿ ಇಲ್ಲ. ಪ್ರೂಫ್, ಅಂದರೆ ನಳಿಗೆ ಒತ್ತಡ ತಡೆಯುತ್ತದೆ ಅನ್ನುವ ಪರೀಕ್ಷೆಯ ಗುರುತು, ಸರಿಯಿದೆಯಾ ಅಂತ ಮೆಸೇಜಿನಲ್ಲಿ ಕೇಳಿದ್ದೆ. 'ಪ್ರೂಫ್ ಇದೆ, 70 ಮಿಮೀ ತೋಟೆ ಆರಾಮಾಗಿ ಹೊಡೆಯಬಹುದು' ಅಂತ ಉತ್ತರ ಬಂದಿತ್ತು. ಅವರು ನನ್ನ ಸರ್ಟಿಫಿಕೇಟಿನಲ್ಲಿ ಕೋವಿಯ ವಿವರ ಬರೆದರು. 7 ದಿನದೊಳಗೆ ಇಬ್ಬರೂ ಪೊಲೀಸರಿಗೆ ತಿಳಿಸಿದೆವು. ಕಾಗದದ ಮಟ್ಟಿಗೆ ಎಲ್ಲ ಸರಿ.

ಕ್ಲೇ ಮೈದಾನದಲ್ಲಿ ಮೊದಲ ತೊಂದರೆ ಒದೆತದ್ದು. 28 ಗ್ರಾಂ ಚರೆಯ ಮಾಮೂಲಿ ತೋಟೆ. ಇಪ್ಪತ್ತು ಮೂವತ್ತು ಈಡಿನವರೆಗೆ ಪರವಾಗಿಲ್ಲ. ಆಮೇಲೆ ಕೆನ್ನೆ ಮೂಳೆ ನೋಯುತ್ತದೆ, ಟ್ರಿಗರ್ ಎಳೆಯುವ ಮೊದಲೇ ಕಣ್ಣು ಮುಚ್ಚಿಕೊಳ್ಳುತ್ತದೆ, ಹೊಡೆಯಬೇಕಾದ ಬಿಲ್ಲೆ ತಪ್ಪುತ್ತದೆ. ಲೆಕ್ಕ ನೇರವಾಗಿದೆ. ಅದೇ ತೋಟೆಯನ್ನು 3.6 ಕೆಜಿಯ ಕೋವಿಯಲ್ಲಿ ಹೊಡೆದಾಗ ಬರುವ ಒದೆತಕ್ಕಿಂತ 2.7 ಕೆಜಿಯ ಕೋವಿಯಲ್ಲಿ ಮೂರನೇ ಒಂದು ಪಾಲು ಜಾಸ್ತಿ. ಕೋವಿ ತಯಾರಿಸುವವರಲ್ಲಿ ಹಳೆಯ ಕಾಲದಿಂದ ಒಂದು ಸೂತ್ರ ಇದೆ: ಕೋವಿಯ ತೂಕ ಚರೆಯ ತೂಕದ 96 ಪಟ್ಟು ಇರಬೇಕು. 28 ಗ್ರಾಮಿಗೆ ಸುಮಾರು 2.7 ಕೆಜಿ ಆಯಿತು, ಸರಿಯಾಗೇ ಇದೆಯಲ್ಲ ಅನ್ನಿಸುತ್ತದೆ. ಆದರೆ ಈ ಸೂತ್ರ ಹುಟ್ಟಿದ್ದು ಬೇಟೆಯ ಕೋವಿಗೆ. ಒಂದು ಹೊತ್ತಿಗೆ 100 ಬಿಲ್ಲೆ ಹೊಡೆಯುವ ಹೆಗಲಿಗೆ ಅದು ಸಾಲದು.

ಒದೆತದ ಜೊತೆ ಹೊಂದಿಕೊಂಡೆವು, 24 ಗ್ರಾಮಿನ ತೋಟೆಗೆ ಇಳಿದೆವು. ಗೆಳೆಯನ ಮಗಳು ಕೂಡ ನಮ್ಮ ಜೊತೆ ಬಂದು ಅದೇ ಕೋವಿಯಲ್ಲಿ ಬಿಲ್ಲೆ ಒಡೆಯುವುದನ್ನು ಕಲಿತಳು. ಹದಿನೈದು ವರ್ಷದ ಹುಡುಗಿ. ಕೋವಿ ಹಗುರ ಅಂತ ಅವಳಿಗೂ ಖುಷಿ.

ಋತು ಮುಗಿದಾಗ ಖಾಲಿ ತೋಟೆ ಹೊರಗೆ ಚಿಮ್ಮಿಸುವ ಎಜೆಕ್ಟರ್ ಸರಿಮಾಡಿಸಲು ಒಬ್ಬ ಹಿರಿಯ ಗನ್‌ಸ್ಮಿತ್ ಹತ್ತಿರ ತೆಗೆದುಕೊಂಡು ಹೋದೆ. ಅವರು ಎಜೆಕ್ಟರ್ ನೋಡುವ ಮೊದಲೇ ನಳಿಗೆ ಬಿಚ್ಚಿ ಅಡಿಭಾಗ ತಿರುಗಿಸಿದರು. ತೋಟೆ ಕೂರುವ ಕಡೆ, ನಳಿಗೆಯ ಕೆಳಗಿನ ಚಪ್ಪಟೆ ಜಾಗದಲ್ಲಿ ಗುರುತುಗಳ ಸಾಲು ಇರುತ್ತದೆ. ಕಿರೀಟದ ಕೆಳಗೆ ಅಕ್ಷರಗಳು, 0.729 ಇಂಚು (ನಳಿಗೆಯ ಒಳ ಅಗಲ), ಎರಡೂವರೆ ಇಂಚು (ಚೇಂಬರ್, ಅಂದರೆ ತೋಟೆ ಕೂರುವ ಗೂಡಿನ ಉದ್ದ), 3 ಟನ್ (ಒತ್ತಡದ ಮಿತಿ). ಎರಡೂವರೆ ಇಂಚು ಅಂದರೆ 65 ಮಿಮೀ ಚೇಂಬರ್. ಅವರು ಚೇಂಬರಿಗೆ ಗೇಜ್ ಇಳಿಸಿದರು. ಅದು 70 ಮಿಮೀ ಗುರುತಿನವರೆಗೂ ಸಲೀಸಾಗಿ ಹೋಯಿತು. ಯಾರೋ ಚೇಂಬರ್ ಕೊರೆದು ಉದ್ದ ಮಾಡಿದ್ದರು. ಮರುಪರೀಕ್ಷೆಯ ಗುರುತು ಮಾತ್ರ ಇರಲಿಲ್ಲ.

ಆಮೇಲೆ ಒಳ ಅಗಲ ಅಳೆದರು. ತೋಟೆ ಹಾಕುವ ಹಿಂತುದಿಯಿಂದ 9 ಇಂಚು ಒಳಗೆ ಅಳೆಯುವುದು ಪದ್ಧತಿ. ಎಡ ನಳಿಗೆ 0.731. ಬಲ ನಳಿಗೆ 0.742. ಗುರುತಿನಲ್ಲಿರುವ ಅಳತೆಗಿಂತ ಇಂಚಿನ ಸಾವಿರದಲ್ಲಿ 10 ಭಾಗ ಅಗಲವಾದರೆ ಅಂಥ ಹಳೆಯ ಕೋವಿ ಪ್ರೂಫ್‌ನಿಂದ ಹೊರಗೆ. ನಮ್ಮದು 13 ಭಾಗ ಅಗಲವಾಗಿತ್ತು. ಕೊನೆಗೆ ಒಂದು ಉದ್ದ ಕಡ್ಡಿಯ ಉಪಕರಣಕ್ಕೆ ನಳಿಗೆ ತೊಡಿಸಿ ಮೆಲ್ಲಗೆ ಇಳಿಸುತ್ತಾ ಹೋದರು. ಪಕ್ಕದಲ್ಲಿ ಮುಳ್ಳಿನ ಡಯಲ್. ಗೋಡೆಯ ದಪ್ಪ ಅದರಲ್ಲಿ ಕಾಣುತ್ತದೆ. ಇಂಚಿನ ಸಾವಿರದ ಒಂದು ಭಾಗಕ್ಕೆ ಇಲ್ಲಿ ಥೌ ಅನ್ನುತ್ತಾರೆ. ಎಡದಲ್ಲಿ ಎಲ್ಲೂ 24 ಥೌಗಿಂತ ಕೆಳಗೆ ಇಳಿಯಲಿಲ್ಲ. ಬಲದಲ್ಲಿ ಮುಳ್ಳು 22ಕ್ಕೆ ಬಂತು, 19ಕ್ಕೆ ಬಂತು, 14ರಲ್ಲಿ ನಿಂತಿತು. ಅವರು ಆ ಜಾಗದ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದು, ಕೋವಿ ಜೋಡಿಸಿ ನನ್ನ ಕೈಗೆ ಕೊಟ್ಟರು. ಗುರಿ ಹಿಡಿ ಅಂದರು. ಎಡಗೈ ಬೆರಳುಗಳು ಸರಿಯಾಗಿ ಆ ಗೆರೆಯ ಮೇಲೆ ಕೂತವು.

ಆ ಹುಡುಗಿಯ ಬೆರಳೂ ಅಲ್ಲೇ ಇದ್ದವು. ಇದನ್ನು ನೆನೆದರೆ ಈಗಲೂ ನನಗೆ ಸಿಟ್ಟು ಬರುತ್ತದೆ.

ಆ ಹೊಳಪಿನ ಗುಟ್ಟೂ ಅವರೇ ಹೇಳಿದರು. ಹಳೆಯ ನಳಿಗೆಯಲ್ಲಿ ತುಕ್ಕು ಹಿಡಿದು ಗುಂಡಿ ಬೀಳುತ್ತದೆ. ಗುಂಡಿ ಹೋಗುವವರೆಗೂ ಒಳಗಿನಿಂದ ಕಬ್ಬಿಣ ಉಜ್ಜಿ ತೆಗೆದರೆ ಹೊಸದರಂತೆ ಹೊಳೆಯುತ್ತದೆ. ಹೋದದ್ದು ಗುಂಡಿ ಮಾತ್ರ ಅಲ್ಲ, ಗೋಡೆಯೂ ಹೋಯಿತು. ಹಾಗೆ ತೆಗೆದ ಕಬ್ಬಿಣದಿಂದಲೂ ಕೋವಿ ಸ್ವಲ್ಪ ಹಗುರವಾಗುತ್ತದೆ.

70 ಮಿಮೀ ತೋಟೆ 65ರ ಚೇಂಬರಿಗೆ ಹಿಡಿಸಿತಲ್ಲ, ಹಾಗಾದರೆ ಸರಿ ಅಂದುಕೊಳ್ಳಬೇಡಿ. ತೋಟೆಯ ಮೇಲೆ ಬರೆದಿರುವ ಉದ್ದ ಈಡಾದ ಮೇಲಿನದು, ಬಾಯಿ ಪೂರ್ತಿ ಬಿಚ್ಚಿಕೊಂಡಾಗಿನದು. ಮಡಚಿದ ಬಾಯಿಯ ಹೊಸ ತೋಟೆ ಅದಕ್ಕಿಂತ ಎಷ್ಟೋ ಗಿಡ್ಡ, ಚಿಕ್ಕ ಚೇಂಬರಿಗೂ ಸುಮ್ನೆ ಇಳಿದುಬಿಡುತ್ತದೆ. ಈಡಾದಾಗ ಬಾಯಿ ಬಿಚ್ಚಲು ಜಾಗ ಇಲ್ಲದೆ ನಳಿಗೆಯ ಇಕ್ಕಟ್ಟಿಗೆ ನುಗ್ಗುತ್ತದೆ, ಒತ್ತಡ ಏರುತ್ತದೆ. ಹಾಗಂತ ಚೇಂಬರ್ ಕೊರೆದು ಉದ್ದ ಮಾಡಿದರೆ ಪರಿಹಾರ ಆಗುವುದಿಲ್ಲ. ಅಲ್ಲೂ ಕಬ್ಬಿಣ ಕಡಿಮೆಯಾಯಿತು, ಕೋವಿಯನ್ನು ಮತ್ತೆ ಪ್ರೂಫ್‌ಗೆ ಕಳಿಸಲೇಬೇಕು.

ಪ್ರೂಫ್ ಅಂದರೆ ಏನು ಅಂತ ಊರಿನ ಕಡೆಯ ಎಷ್ಟೋ ಜನ ಕೇಳಿದ್ದಾರೆ. ಬ್ರಿಟನ್ನಿನಲ್ಲಿ ಇದಕ್ಕೆಂದೇ ಎರಡು ಸಂಸ್ಥೆಗಳಿವೆ. ಲಂಡನ್ನಿನದು 1637ರಲ್ಲಿ ಸನದು ಪಡೆದ ಕೋವಿ ತಯಾರಕರ ಸಂಘದ್ದು, ಬರ್ಮಿಂಗ್‌ಹ್ಯಾಮಿನದು 1813ರಲ್ಲಿ ಶುರುವಾದದ್ದು. ಮಾಮೂಲಿಗಿಂತ ಜಾಸ್ತಿ ಒತ್ತಡದ ತೋಟೆ ಹೊಡೆದು, ಕೋವಿ ತಡೆದರೆ ಮಾತ್ರ ಗುರುತು ಒತ್ತುತ್ತಾರೆ. ಪ್ರೂಫ್ ಕಳೆದುಕೊಂಡ ಕೋವಿ ಮಾರುವುದು 1868ರ ಕಾಯ್ದೆಯ ಪ್ರಕಾರ ಅಪರಾಧ. ಅಂಗಡಿಯವರಿಗೂ ಅಷ್ಟೇ, ಮನೆಯಿಂದ ಮಾರುವವರಿಗೂ ಅಷ್ಟೇ. ಇನ್ನೊಂದು ಮಾತು ಇಲ್ಲಿ ಮುಖ್ಯ. ಪ್ರೂಫ್ ನೋಡುವಾಗ ಲೆಕ್ಕಕ್ಕೆ ಬರುವುದು ಒಳ ಅಗಲ, ಗೋಡೆಯ ದಪ್ಪ ಅಲ್ಲ. ಹೊರಗಿನಿಂದ ಉಜ್ಜಿ ತೆಳುವಾದ ನಳಿಗೆ ಪ್ರೂಫ್ ಒಳಗೇ ಇದ್ದೂ ಅಪಾಯಕಾರಿ ಆಗಿರಬಹುದು. 20 ಥೌ, ಅಂದರೆ ಅರ್ಧ ಮಿಮೀ, ಇದಕ್ಕಿಂತ ಕಡಿಮೆ ಇದ್ದರೆ ಬೇಡ ಅನ್ನುವುದು ಈ ವ್ಯಾಪಾರದವರ ರೂಢಿ. ಹಾಗಾಗಿ ಎರಡನ್ನೂ ಅಳೆಸಬೇಕು.

ಮಾರಿದವರಿಗೆ ಫೋನ್ ಮಾಡಿದರೆ, ನೋಡಿಯೇ ತಗೊಂಡಿದ್ದಲ್ವಾ ಅಂದರು. ಅಂಗಡಿಯಲ್ಲಿ ಕೊಂಡಿದ್ದರೆ 2015ರ ಗ್ರಾಹಕ ಹಕ್ಕು ಕಾಯ್ದೆ ಇದೆ: ದೋಷ ಇದ್ದರೆ 30 ದಿನದೊಳಗೆ ವಾಪಸ್ ಕೊಟ್ಟು ಪೂರ್ತಿ ಹಣ ಕೇಳಬಹುದು, ಆಮೇಲೂ ರಿಪೇರಿ ಅಥವಾ ಬದಲಿ ಕೇಳಬಹುದು. ಖಾಸಗಿಯಾಗಿ ಕೊಂಡರೆ ಆ ಬಲ ಇಲ್ಲ. ವಸ್ತು ಅವರು ಹೇಳಿದ ಹಾಗೆ ಇರಬೇಕು, ಅಷ್ಟೇ. ನನ್ನ ಹತ್ತಿರ ಆ ಮೆಸೇಜ್ ಇತ್ತು, ಗನ್‌ಸ್ಮಿತ್ ಬರೆದುಕೊಟ್ಟ ಅಳತೆ ಇತ್ತು. ಸಣ್ಣ ವ್ಯಾಜ್ಯದ ಕೋರ್ಟಿಗೆ ಹೋಗುತ್ತೇನೆ ಅಂತ ಪತ್ರ ಬರೆದ ಮೇಲೆ ಅರ್ಧ ದುಡ್ಡು ಬಂತು. ಉಳಿದದ್ದು ಬರಲಿಲ್ಲ. ನಳಿಗೆಗೆ ಹೊಸ ಕೊಳವೆ ಕೂರಿಸುವ ಸ್ಲೀವಿಂಗ್ ಮಾಡಿಸಬಹುದಿತ್ತು, ಅದಕ್ಕೆ ಕೋವಿಯ ಬೆಲೆಗಿಂತ ಎಷ್ಟೋ ಜಾಸ್ತಿ ಖರ್ಚು. ಆ ಕೋವಿ ಇನ್ನೊಬ್ಬರ ಕೈಗೆ ಹೋಗಬಾರದು ಅಂತ ಗನ್‌ಸ್ಮಿತ್‌ಗೇ ಒಪ್ಪಿಸಿ ಪೊಲೀಸರಿಗೆ ತಿಳಿಸಿದೆ. ಅವರು ಕಟ್ಟಿಗೆ, ಸಿಡಿಸುವ ಯಂತ್ರದ ಬಿಡಿಭಾಗ ಉಳಿಸಿಕೊಂಡು ನಳಿಗೆ ಕತ್ತರಿಸಿದರು.

ಈಗ ಹುಡುಕುತ್ತಿರುವವರಿಗೆ. ಹಗುರ ಬೇಕು ಅನ್ನುವುದು ತಪ್ಪಲ್ಲ, ಆ ಹಗುರ ಎಲ್ಲಿಂದ ಬಂತು ಅಂತ ಕೇಳಿ. ಬೆರೆಟ್ಟಾ ಕಂಪನಿಯ ಅಲ್ಟ್ರಾಲೈಟ್ ಕೋವಿಯಲ್ಲಿ ಅದು ಅಲ್ಯೂಮಿನಿಯಂ ಮಿಶ್ರಲೋಹದ ಬಾಡಿಯಿಂದ ಬಂದಿದೆ. ತೋಟೆಯ ಹಿಂಭಾಗ ತಾಗುವ ಕಡೆ ಟೈಟೇನಿಯಂ ಹಾಕಿದ್ದಾರೆ. ಅದು ತಯಾರಿಸುವಾಗಲೇ ಲೆಕ್ಕ ಹಾಕಿ ಮಾಡಿದ ಹಗುರ. 20 ಬೋರಿನಲ್ಲಿ ಇಡೀ ಕೋವಿಯೇ ಸಣ್ಣದು. ಹಳೆಯ 65 ಮಿಮೀ ಇಂಗ್ಲಿಷ್ ಕೋವಿಗಳೂ ಹುಟ್ಟಿನಿಂದಲೇ ಹಗುರ, ಸಣ್ಣ ತೋಟೆಗೆಂದು ಮಾಡಿದವು. ಇವೆಲ್ಲ ಒಳ್ಳೆಯ ಕಾರಣಗಳು. ಕಾರಣ ಗೊತ್ತಾಗದ ಹಗುರದ ಮೇಲೆ ಮಾತ್ರ ಅನುಮಾನ ಇರಲಿ.

ನೋಡಲು ಹೋದಾಗ ನೀವೇ ಮಾಡಬಹುದಾದ ಪರೀಕ್ಷೆಗಳಿವೆ. ಮೊದಲು ಖಾಲಿ ಇದೆಯಾ ಅಂತ ನೋಡಿ. ಮುಂದಿನ ಕಟ್ಟಿಗೆ ಬಿಚ್ಚಿ, ಕೋವಿ ಮುಚ್ಚಿ, ಹಿಡಿಯ ಹತ್ತಿರ ಹಿಡಿದು ನಳಿಗೆಯನ್ನು ಅಲ್ಲಾಡಿಸಿ. ಟಕ್ ಟಕ್ ಅಂದರೆ ಕೀಲು ಸವೆದಿದೆ. ನಳಿಗೆಯನ್ನು ಬೇರೆ ಮಾಡಿ, ಕೊಕ್ಕೆಯಿಂದ ಬೆರಳಲ್ಲಿ ತೂಗು ಹಾಕಿ, ಗೆಣ್ಣಿನಿಂದ ತಟ್ಟಿ. ಗಂಟೆಯ ನಾದ ಬರಬೇಕು. ಮಂಕು ಸದ್ದು ಬಂದರೆ ನಡುವಿನ ಪಟ್ಟಿಯ ಬೆಸುಗೆ ಬಿಟ್ಟಿರಬಹುದು. ಬಾಡಿಯ ಹಿಂದೆ, ಕಟ್ಟಿಗೆ ಸಣ್ಣಗಾಗುವ ಕಡೆ ಕೂದಲೆಳೆಯ ಬಿರುಕು ಇದೆಯಾ ಉಗುರು ಆಡಿಸಿ ನೋಡಿ. ಅಳತೆಯ ಕೆಲಸ ಮಾತ್ರ ಗನ್‌ಸ್ಮಿತ್‌ದು. ಅವರ ಹತ್ತಿರ ಹೋಗೋಣ ಬನ್ನಿ ಅಂದರೆ ಮಾರುವವರು ನೆಪ ಹೇಳಿದರೆ ಎದ್ದು ಬಂದುಬಿಡಿ.

ಕ್ಲೇ ಮತ್ತು ರಫ್ ಎರಡಕ್ಕೂ ಒಂದೇ ಬೇಕಾದರೆ 3.1, 3.2 ಕೆಜಿಯ ಕೋವಿ ನೋಡಿ. ನಾನು ಈಗ ಅಂಗಡಿಯಿಂದ ತಂದ ಹಳೆಯ ಮಿರೋಕು ಕಂಪನಿಯ ಕೋವಿ ಬಳಸುತ್ತಿದ್ದೇನೆ, ಒಂದರ ಮೇಲೊಂದು ನಳಿಗೆಯದು. ಹೊಲದಲ್ಲೂ ಭಾರ ಅನ್ನಿಸುವುದಿಲ್ಲ. ಬೈಕಾಲ್ ಕಂಪನಿಯ ಕೋವಿ ಅಗ್ಗ, ಗಟ್ಟಿ, ಆದರೆ ಹಗುರ ಅಲ್ಲ. 20 ಬೋರ್ ತಗೊಂಡರೆ ಅದರ ಹಳದಿ ತೋಟೆಗಳನ್ನು 12 ಬೋರಿನ ತೋಟೆಗಳ ಜೊತೆ ಒಂದೇ ಜೇಬಿಗೆ ಯಾವತ್ತೂ ಹಾಕಬೇಡಿ. 20ರ ತೋಟೆ 12ರ ನಳಿಗೆಯಲ್ಲಿ ಒಳಗೆ ಜಾರಿ ಸಿಕ್ಕಿಕೊಳ್ಳುತ್ತದೆ, ಹಿಂದೆ ಇನ್ನೊಂದು ಹಾಕಿ ಹೊಡೆದರೆ ನಳಿಗೆ ಸಿಡಿಯುತ್ತದೆ. ತಪ್ಪದೆ ಕಣ್ಣಿಗೆ ಬೀಳಲಿ ಅಂತಲೇ ಅದಕ್ಕೆ ಹಳದಿ ಬಣ್ಣ.

ಸೀಸದ ವಿಷಯವನ್ನೂ ಬೆಲೆಯಲ್ಲಿ ಸೇರಿಸಿಕೊಳ್ಳಿ. ಬ್ರಿಟನ್ನಿನಲ್ಲಿ ಸೀಸದ ಚರೆ ನಿಲ್ಲಿಸುವುದಾಗಿ ಸರ್ಕಾರ 2025ರ ಜುಲೈಯಲ್ಲಿ ಪ್ರಕಟಿಸಿದೆ, ಬದಲಾಗಲು 3 ವರ್ಷದ ಅವಧಿ ಕೊಡುತ್ತದೆ. ಮುಂದೆ ಹೆಚ್ಚಿನವರು ಹೊಡೆಯುವುದು ಉಕ್ಕಿನ ಚರೆ. ತೆಳು ನಳಿಗೆ, 65 ಮಿಮೀ ಚೇಂಬರ್, ಬಿಗಿ ಚೋಕ್ (ನಳಿಗೆಯ ಬಾಯಿಯ ಹತ್ತಿರದ ಇಕ್ಕಟ್ಟು) ಇರುವ ಹಳೆಯ ಕೋವಿಗೆ ಅದು ಆಗಿಬರುವುದಿಲ್ಲ. ಬಿಸ್ಮತ್ ಚರೆ ಆಗುತ್ತದೆ, ಆದರೆ ದುಬಾರಿ. ಹೆಚ್ಚು ಒತ್ತಡದ ಉಕ್ಕಿನ ತೋಟೆಗೆ ನಳಿಗೆಯ ಮೇಲೆ ಲಿಲ್ಲಿ ಹೂವಿನ ಗುರುತು ಇರಲೇಬೇಕು. ಇವತ್ತು 300 ಪೌಂಡಿಗೆ ಸಿಗುವ ಚಂದದ ಹಳೆಯ ಕೋವಿಗೆ ನಾಳೆ ತೋಟೆಯಲ್ಲೇ ಆ ದುಡ್ಡು ಹೋಗಬಹುದು.

ಊರಿನವರಿಗೂ ಒಂದು ಮಾತು. ಕೊಡಗು, ಚಿಕ್ಕಮಗಳೂರಿನ ಎಷ್ಟೋ ತೋಟದ ಮನೆಗಳಲ್ಲಿ ಬರ್ಮಿಂಗ್‌ಹ್ಯಾಮ್ ಗುರುತಿನ ಜೋಡಿ ನಳಿಗೆ ಕೋವಿ ತಲೆಮಾರುಗಳಿಂದ ಇದೆ. ಹಬ್ಬಕ್ಕೆ ತೆಂಗಿನಕಾಯಿಗೆ ಗುರಿಯಿಡಲು ಹೊರಗೆ ತೆಗೆದಾಗ, ಈಡು ಹೊಡೆಯುವ ಮೊದಲು ನಳಿಗೆ ಬಿಚ್ಚಿ ಕೆಳಗಿನ ಗುರುತು ಓದಿ. ಎರಡೂವರೆ ಇಂಚು ಅಂತ ಇದ್ದರೆ 70 ಮಿಮೀ ತೋಟೆಯ ಡಬ್ಬಿ ಪಕ್ಕಕ್ಕಿಡಿ. ನಳಿಗೆಯ ಮೇಲೆ ಹಾವಿನ ಮೈಯ ಗೆರೆಗಳಂಥ ವಿನ್ಯಾಸ ಕಂಡರೆ ಅದು ಡಮಾಸ್ಕಸ್ ನಳಿಗೆ ಇರಬಹುದು. ಅಂಥ ಎಷ್ಟೋ ಕೋವಿಗಳಿಗೆ ಕರಿಮದ್ದಿನ ಪರೀಕ್ಷೆ ಮಾತ್ರ ಆಗಿದೆ, ಈಗಿನ ಹೊಗೆಯಿಲ್ಲದ ಮದ್ದಿಗೆ ಅಲ್ಲ. ತಿಳಿದವರು ನೋಡಿ ಸರಿ ಅನ್ನುವವರೆಗೆ ಅದಕ್ಕೆ ಹೂ ಮುಡಿಸಿ ಪೂಜೆ ಮಾಡಿ, ಈಡು ಹೊಡೆಯಲು ಬೇರೆ ಕೋವಿ ತೆಗೆದುಕೊಳ್ಳಿ.