‘ಸ್ಟ್ರೆಸ್ ಪ್ಯಾಕೇಜ್’ ರಕ್ತಪರೀಕ್ಷೆ: 1,899 ರೂಪಾಯಿಗೆ ಸಿಕ್ಕಿದ್ದೇನು?

ನಾನು ದಾವಣಗೆರೆಯ ಒಂದು ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಪಾಠ ಮಾಡುತ್ತೇನೆ. ಎರಡು ವರ್ಷದಿಂದ ಅಪ್ಪಾಜಿ ಹಾಸಿಗೆ ಹಿಡಿದಿದ್ದಾರೆ. ರಾತ್ರಿ ಎರಡು ಮೂರು ಸಲ ಎದ್ದು ಅವರ ಮಗ್ಗುಲು ಬದಲಿಸಬೇಕು. ಮೊನ್ನೆ ಕ್ಲಾಸಿನಲ್ಲಿ, ದಿನಾ ಮುಂದಿನ ಬೆಂಚಲ್ಲಿ ಕೂರುವ ಹುಡುಗಿ ಡೌಟ್ ಕೇಳಲು ಎದ್ದು ನಿಂತಳು. ಅವಳ ಹೆಸರು ಬಾಯಿಗೆ ಬರಲೇ ಇಲ್ಲ. ಅದೇ ವಾರ ಎರಡು ಸಲ ಹಾಲಿನ ಪಾತ್ರೆ ಸೀದುಹೋಯಿತು. ಆಗ ಫೋನಿನಲ್ಲಿ ಕಂಡದ್ದು ಈ ಜಾಹೀರಾತು: ಒತ್ತಡದ ಹಾರ್ಮೋನ್ ಎನ್ನುವ ಕಾರ್ಟಿಸಾಲ್ ಸೇರಿ ಹನ್ನೊಂದು ಪರೀಕ್ಷೆ, ಮನೆಗೇ ಬಂದು ರಕ್ತ ತೆಗೆದುಕೊಂಡು ಹೋಗುತ್ತಾರೆ, ‘ನಿಮ್ಮ ಒತ್ತಡ ಎಷ್ಟಿದೆ ತಿಳಿಯಿರಿ’.

ಲ್ಯಾಬಿನ ಹೆಸರು ಬರೆಯುತ್ತಿಲ್ಲ. ಇಂಥ ಪ್ಯಾಕೇಜ್ ಮಾರುವವರು ಬೇಕಾದಷ್ಟು ಜನ ಇದ್ದಾರೆ, ನನ್ನ ಮಾತು ಪ್ಯಾಕೇಜ್ ಬಗ್ಗೆ.

ರಕ್ತ ತೆಗೆಯಲು ಬಂದ ಹುಡುಗನ ಕೈ ಬಹಳ ಹಗುರ. ಸೂಜಿ ಹೋದದ್ದೇ ತಿಳಿಯಲಿಲ್ಲ. ಟ್ಯೂಬಿಗೆ ನನ್ನೆದುರೇ ಹೆಸರಿನ ಚೀಟಿ ಅಂಟಿಸಿ, ಐಸ್ ಡಬ್ಬಿಯಲ್ಲಿಟ್ಟ. ಆದರೆ ಎಂಟು ಗಂಟೆಗೆ ಬರಬೇಕಿದ್ದವನು ಬಂದಾಗ ಹತ್ತಕ್ಕೆ ಹತ್ತು ನಿಮಿಷ. ‘ಲೇಟಾದ್ರೆ ಏನೂ ಆಗಲ್ಲ ಮೇಡಂ’ ಅಂದ. ಆಗುತ್ತೆ. ಸಕ್ಕರೆ ಪರೀಕ್ಷೆಗೆ ಊಟದ ಲೆಕ್ಕ ಹೇಗೋ, ಕಾರ್ಟಿಸಾಲ್‌ಗೆ ಗಡಿಯಾರದ ಲೆಕ್ಕ ಹಾಗೆ. ಎದ್ದ ಅರ್ಧ ಮುಕ್ಕಾಲು ಗಂಟೆಯಲ್ಲಿ ಅದು ತುಂಬಾ ಜಾಸ್ತಿ ಇರುತ್ತದೆ, ಆಮೇಲೆ ಇಳಿಯುತ್ತಾ ನಡುರಾತ್ರಿ ಹೊತ್ತಿಗೆ ತೀರಾ ಕಮ್ಮಿ. ನನ್ನ ಹಾಗೆ ರಾತ್ರಿಯೆಲ್ಲ ಎದ್ದು ಕೂರುವವರಲ್ಲಿ ಈ ಏರಿಳಿತವೇ ಅಡ್ಡಾದಿಡ್ಡಿ ಆಗಿರಬಹುದು. ಫಾರಂನಲ್ಲಿ ನಿದ್ದೆಯ ಬಗ್ಗೆ ಒಂದು ಪ್ರಶ್ನೆ ಇಲ್ಲ. ಸ್ಟೀರಾಯ್ಡ್ ಮಾತ್ರೆ, ಇನ್‌ಹೇಲರ್, ಗರ್ಭನಿರೋಧಕ ಮಾತ್ರೆ ತಗೋತೀರಾ ಅಂತಲೂ ಕೇಳಿಲ್ಲ. ಇವೆಲ್ಲ ಫಲಿತಾಂಶ ಬದಲಿಸುತ್ತವೆ.

ಸಂಜೆ ವರದಿ ಬಂತು. ಕಾರ್ಟಿಸಾಲ್ 13.6, ಪಕ್ಕದಲ್ಲಿ ಹಸಿರು ಗುರುತು. ಕೆಳಗೆ ಒಂದು ಸಾಲು: ‘ನಿಮ್ಮ ಒತ್ತಡದ ಮಟ್ಟ ಸಹಜವಾಗಿದೆ.’

ನನಗೆ ಸಿಟ್ಟು ಬಂದದ್ದು ಈ ಸಾಲಿಗೆ. ವಿಷಯ ಗೊತ್ತಿಲ್ಲದವರು ಇದನ್ನು ಓದಿದರೆ ಏನಂದುಕೊಳ್ಳಬೇಕು? ‘ನನಗೇನೂ ಆಗಿಲ್ಲ, ಸುಮ್ನೆ ನಾಟಕ ಮಾಡ್ತಿದೀನಿ’ ಅಂತ ತಾನೆ?

ಆ 13.6 ಅನ್ನೋದು ಆ ಗಳಿಗೆಯಲ್ಲಿ ರಕ್ತದಲ್ಲಿದ್ದ ಕಾರ್ಟಿಸಾಲ್. ಅದರಲ್ಲೂ ನೂರಕ್ಕೆ ತೊಂಬತ್ತಕ್ಕಿಂತ ಜಾಸ್ತಿ ಪಾಲು ರಕ್ತದ ಪ್ರೋಟೀನ್‌ಗಳಿಗೆ ಅಂಟಿಕೊಂಡಿರುತ್ತದೆ. ಬಿಡಿಯಾಗಿ ಓಡಾಡುವ ಸ್ವಲ್ಪ ಪಾಲು ಮಾತ್ರ ಜೀವಕೋಶದ ಒಳಗೆ ಹೋಗುತ್ತದೆ. ಮುಖ್ಯ ಕೆಲಸ ಶುರುವಾಗುವುದೇ ಅಲ್ಲಿ. ಮಿದುಳಿನ ಕೋಶದಲ್ಲಿ ಅದನ್ನು ಹಿಡಿಯುವ ಪ್ರೋಟೀನ್‌ಗಳು, ಅಂದರೆ ಗ್ರಾಹಕಗಳು (ರಿಸೆಪ್ಟರ್) ಇವೆ. ಕಾರ್ಟಿಸಾಲ್ ಕೂತ ಕೂಡಲೇ ಗ್ರಾಹಕ ಕೋಶಕೇಂದ್ರಕ್ಕೆ ಹೋಗಿ ಡಿಎನ್‌ಎ ಮೇಲೆ ಕೂರುತ್ತದೆ. ಕೆಲವು ಜೀನ್‌ಗಳ ಕೆಲಸ ಏರುತ್ತದೆ, ಕೆಲವದು ತಗ್ಗುತ್ತದೆ. ಅಂದರೆ ಯಾವ ಪ್ರೋಟೀನ್ ಎಷ್ಟು ತಯಾರಾಗಬೇಕು ಅನ್ನೋದೇ ಬದಲಾಗುತ್ತದೆ. ನೆನಪಿನ ಕೆಲಸ ಮಾಡುವ ಹಿಪೊಕ್ಯಾಂಪಸ್‌ನಲ್ಲಿ ಇಂಥ ಗ್ರಾಹಕಗಳು ಬಹಳ. ಇಲಿಗಳ ಹಿಪೊಕ್ಯಾಂಪಸ್ ಈ ಜಾತಿಯ ಹಾರ್ಮೋನನ್ನು ಹಿಡಿದಿಟ್ಟುಕೊಳ್ಳುತ್ತದೆ ಅಂತ ಅಮೆರಿಕದ ನರವಿಜ್ಞಾನಿ ಬ್ರೂಸ್ ಮೆಕ್‌ಯುವೆನ್ ತಂಡ ತೋರಿಸಿದ್ದು 1968ರಲ್ಲಿ.

ಇದರಲ್ಲಿ ನಮ್ಮ ಬೆಂಗಳೂರಿನ ಕೆಲಸವೂ ಇದೆ, ಕ್ಲಾಸಿನಲ್ಲಿ ತಪ್ಪದೆ ಹೇಳುತ್ತೇನೆ. 2002ರಲ್ಲಿ ಜೀವವಿಜ್ಞಾನ ಸಂಶೋಧನಾ ಸಂಸ್ಥೆ ಎನ್‌ಸಿಬಿಎಸ್‌ನ ಸುಮಂತ್ರ ಚಟರ್ಜಿ ತಂಡ, ನಿಮ್ಹಾನ್ಸ್‌ನವರ ಜೊತೆ ಸೇರಿ, ಇಲಿಗಳನ್ನು ದಿನಕ್ಕೆ ಎರಡು ಗಂಟೆಯಂತೆ ಹತ್ತು ದಿನ ಅಲುಗಾಡದ ಹಾಗೆ ಹಿಡಿದಿಟ್ಟು ನೋಡಿತು. ಹಿಪೊಕ್ಯಾಂಪಸ್‌ನ ನರಕೋಶಗಳ ಕವಲುಗಳು ಕುಗ್ಗಿದವು. ಭಯದ ಕೆಲಸ ನೋಡುವ ಅಮಿಗ್ಡಲದಲ್ಲಿ ಅವು ಬೆಳೆದವು! 2012ರಲ್ಲಿ ಅದೇ ಪ್ರಯೋಗಾಲಯ, ನರಕೋಶಗಳನ್ನು ಪೋಷಿಸುವ ಬಿಡಿಎನ್‌ಎಫ್ ಎಂಬ ಪ್ರೋಟೀನನ್ನು ಅಳೆಯಿತು. ದಿನಗಟ್ಟಲೆ ಒತ್ತಡ ಕೊಟ್ಟಾಗ ಅದು ಹಿಪೊಕ್ಯಾಂಪಸ್‌ನಲ್ಲಿ ಇಳಿದಿತ್ತು, ಅಮಿಗ್ಡಲದಲ್ಲಿ ಏರಿತ್ತು. ಒತ್ತಡ ನಿಂತು 21 ದಿನ ಕಳೆದರೂ ಅಮಿಗ್ಡಲದಲ್ಲಿ ಇಳಿಯಲಿಲ್ಲ. ಇಲಿಯ ಲೆಕ್ಕವನ್ನು ಹಾಗೇ ಮನುಷ್ಯರಿಗೆ ಹಚ್ಚುವ ಹಾಗಿಲ್ಲ, ಸರಿ. ಆದರೆ ಒಂದೇ ತಲೆಯೊಳಗೆ ಒಂದು ಕಡೆ ಕಮ್ಮಿ, ಇನ್ನೊಂದು ಕಡೆ ಜಾಸ್ತಿ ಆಗುವುದನ್ನು ತೋಳಿನಿಂದ ತೆಗೆದ ಒಂದು ಟ್ಯೂಬ್ ರಕ್ತ ಹೇಗೆ ಹೇಳುತ್ತೆ?

ಕಾರ್ಟಿಸಾಲ್ ಪರೀಕ್ಷೆಯೇ ದಂಡ ಅಂತಲ್ಲ. ಕುಶಿಂಗ್ (ಕಾರ್ಟಿಸಾಲ್ ಅತಿಯಾಗುವುದು), ಅಡಿಸನ್ (ಅದು ಸಾಲದೆ ಹೋಗುವುದು) ಥರದ ಕಾಯಿಲೆಯ ಅನುಮಾನ ಬಂದಾಗ ಅದು ಬೇಕೇ ಬೇಕು. ಅದನ್ನು ಡಾಕ್ಟರು ಬರೆದುಕೊಡುತ್ತಾರೆ, ಹೊತ್ತು ನೋಡಿ ಮಾಡಿಸುತ್ತಾರೆ, ಒಂದೇ ಸಂಖ್ಯೆ ನೋಡಿ ತೀರ್ಮಾನ ಮಾಡುವುದಿಲ್ಲ. ‘ನನಗೆ ಒತ್ತಡ ಇದೆಯಾ’ ಅಂತ ತಿಳಿಯಲು ಈ ಪ್ಯಾಕೇಜ್ ಕೊಳ್ಳಬೇಡಿ. ಐದಕ್ಕೆ ಎರಡು ಅಂಕ ಕೊಡುತ್ತೇನೆ: ಒಂದು ಆ ಹುಡುಗನ ಕೈಗೆ, ಇನ್ನೊಂದು ಅದೇ ದಿನ ವರದಿ ಕೊಟ್ಟದ್ದಕ್ಕೆ.

ಆಮೇಲೆ ನಮ್ಮ ಬೀದಿಯ ಡಾಕ್ಟರ ಹತ್ತಿರ ಹೋದೆ. ಫೀಸು 300 ರೂಪಾಯಿ. ವರದಿ ಮುಟ್ಟುವ ಮೊದಲೇ ಅವರು ಕೇಳಿದ್ದು, ‘ರಾತ್ರಿ ಒಂದೇ ಸಮನೆ ಎಷ್ಟು ಗಂಟೆ ಮಲಗ್ತೀರಮ್ಮಾ?’ ನನಗೆ ಕಣ್ಣಲ್ಲಿ ನೀರು ಬಂತು. ಈಗ ಶುಕ್ರವಾರ, ಶನಿವಾರ ರಾತ್ರಿ ತಮ್ಮ ಹುಬ್ಬಳ್ಳಿಯಿಂದ ಬಂದು ಅಪ್ಪಾಜಿ ಹತ್ತಿರ ಮಲಗುತ್ತಾನೆ.

ಲ್ಯಾಬಿಗೂ ಫೋನ್ ಮಾಡಿದೆ. ಫಾರಂನಲ್ಲಿ ನಿದ್ದೆ ಮತ್ತು ಮಾತ್ರೆಯ ಪ್ರಶ್ನೆ ಸೇರಿಸಿ, ವರದಿಯಿಂದ ಆ ಕೊನೆಯ ಸಾಲು ತೆಗೆಯಿರಿ ಅಂತ ಕೇಳಿದ್ದೇನೆ. ‘ಮೇಲಿನವರಿಗೆ ಹೇಳ್ತೀವಿ ಮೇಡಂ’ ಅಂದಿದ್ದಾರೆ. ಇನ್ನೂ ಉತ್ತರ ಬಂದಿಲ್ಲ.